ಇಬ್ಬರು ಮಾವಿಯರು ಮತ್ತು ಆಕಾರವಿಲ್ಲದ ಒಂದು ಪ್ರೋಟೀನ್

ಬನಿಯನ್ನಿನ ಎಡಭಾಗದಲ್ಲಿ ಕಂಡ ರಕ್ತದ ಕಲೆಯನ್ನು ನಾನು ಜಿಗಣೆಯ ಕೆಲಸ ಅಂದುಕೊಂಡೆ. ಕೊಡಗಿನಲ್ಲಿ ಹುಟ್ಟಿ ಬೆಳೆದ ಯಾವ ಗಂಡಸಾದರೂ ಹಾಗೆಯೇ ಅಂದುಕೊಳ್ಳುತ್ತಾನೆ. ಮಳೆಗಾಲದಲ್ಲಿ ತೋಟ ಸುತ್ತಿ ಬಂದರೆ ಕಾಲಿನಲ್ಲಿ, ಸೊಂಟದಲ್ಲಿ, ಕೆಲವೊಮ್ಮೆ ಕಂಕುಳಲ್ಲೂ ರಕ್ತ ಇರುತ್ತದೆ. ಕುಡಿದು ಉದುರಿದ ಜಿಗಣೆ ಎಲ್ಲಿ ಹೋಯಿತೆಂದು ಯಾರೂ ಹುಡುಕುವುದಿಲ್ಲ. ಕಲೆ ಅದೇ ಜಾಗದಲ್ಲಿ ಮತ್ತೆ ಮತ್ತೆ ಬಂದಾಗಲೂ ನನಗೆ ಏನೂ ಅನ್ನಿಸಲಿಲ್ಲ. ಅನ್ನಿಸಿದ್ದು ನನ್ನ ಹೆಂಡತಿ ನೀಲಾಳಿಗೆ.

"ಕಾಫಿ ಹೂ ಬಿಟ್ಟಾಯ್ತು. ಈ ಬಿಸಿಲಲ್ಲಿ ಎಲ್ಲಿಯ ಜಿಗಣೆ?" ಎಂದು ಬನಿಯನ್ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಳು.

"ಒಂದೊಂದು ಇರ್ತದೆ."

"ದಿನಾ ಒಂದೇ ಕಡೆ ಕಚ್ಚೋಕೆ ಅದಕ್ಕೆ ಅಡ್ರೆಸ್ ಕೊಟ್ಟವರು ಯಾರು?"

ಆ ಸಂಜೆ ಸ್ನಾನ ಮಾಡುವಾಗ ಎಡ ಮೊಲೆತೊಟ್ಟಿನ ಹಿಂದೆ ಗಂಟು ಕೈಗೆ ಸಿಕ್ಕಿತು. ಕಾಫಿ ಹಣ್ಣಿನಷ್ಟೇ ದೊಡ್ಡದು. ನೋವಿಲ್ಲ. ಒತ್ತಿದರೆ ಜಾರುವುದಿಲ್ಲ.

ಇಲ್ಲಿಯೇ ಒಂದು ಮಾತು ಹೇಳಿಬಿಡುತ್ತೇನೆ. ಮೇಲಿನ ಸಂಭಾಷಣೆಯನ್ನು ನೀಲಾಳಿಗೆ ಓದಿ ತೋರಿಸಿದಾಗ ಅವಳು, ಅಡ್ರೆಸ್ಸಿನ ಮಾತು ತಾನು ಆಡಲೇ ಇಲ್ಲ ಎಂದಳು. ಅದು ನಾನು ಆಮೇಲೆ ಮೈಸೂರಿನ ಡಾಕ್ಟರ ಮುಂದೆ ಮಾಡಿದ ತಮಾಷೆಯಂತೆ, ಬಾಗಿಲಲ್ಲಿ ನಿಂತಾಗ ತಾನು ಅಳುತ್ತಿದ್ದಳಂತೆ. ಇರಬಹುದು. ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರ ಓದಿ, ವಿರಾಜಪೇಟೆಯ ಕಾಲೇಜೊಂದರಲ್ಲಿ ಅದನ್ನೇ ಕಲಿಸಿದವನು ನಾನು. ಸಾಕ್ಷಿ ಇಲ್ಲದ್ದನ್ನು ಒಪ್ಪಬೇಡಿ ಎಂದು ಮಕ್ಕಳಿಗೆ ಹೇಳುತ್ತಾ ಬಂದವನಿಗೆ ಈಗ ತನ್ನ ನೆನಪೇ ಅತ್ಯಂತ ದುರ್ಬಲ ಸಾಕ್ಷಿ ಅನ್ನಿಸತೊಡಗಿದೆ. ಕೀಮೋಥೆರಪಿ ಅದನ್ನು ಇನ್ನಷ್ಟು ಮಸುಕು ಮಾಡಿರಬೇಕು. ಅಥವಾ ಮೊದಲಿನಿಂದಲೂ ಹೀಗೇ ಇದ್ದು, ಗಮನಿಸಲು ನನಗೆ ಪುರುಸೊತ್ತಿರಲಿಲ್ಲವೋ ಏನೋ.

ಮೈಸೂರಿನ ಆಸ್ಪತ್ರೆಯ ಕಾರಿಡಾರ್ ಮಾತ್ರ ಚೆನ್ನಾಗಿ ನೆನಪಿದೆ, ಅದನ್ನು ನೀಲಾಳೂ ಒಪ್ಪುತ್ತಾಳೆ. ಸ್ತನ ಕ್ಯಾನ್ಸರ್ ವಿಭಾಗದ ಹೊರಗೆ ಬೆಂಚುಗಳ ತುಂಬಾ ಹೆಂಗಸರು, ಅವರ ಗಂಡಂದಿರು ಫೈಲು ಹಿಡಿದು ಗೋಡೆಗೆ ಒರಗಿದ್ದರು. ನೀಲಾ ಬೆಂಚಿನಲ್ಲಿ ಕೂತಳು, ನಾನು ಗೋಡೆಯ ಸಾಲಿಗೆ ಸೇರಿದೆ. ನರ್ಸ್ ನನ್ನ ಹೆಸರು ಕೂಗಿ, ಸುತ್ತ ನೋಡಿ, ನೇರ ನೀಲಾಳ ಹತ್ತಿರ ಬಂದರು.

"ಬನ್ನಿ ಅಮ್ಮ. ಯಾರೋ ನಿಮ್ಮ ಯಜಮಾನರ ಹೆಸರು ಬರೆದುಬಿಟ್ಟಿದ್ದಾರೆ."

"ಪೇಷಂಟ್ ಅವರೇ," ಎಂದು ನೀಲಾ ನನ್ನ ಕಡೆ ಕೈ ತೋರಿಸಿದಳು.

ಇಡೀ ಬೆಂಚು ನನ್ನತ್ತ ತಿರುಗಿತು. ಕುಶಾಲನಗರದ ಕಡೆಯ ಗೌರಮ್ಮ ಎಂಬವರು, ತಲೆಗೆ ವಸ್ತ್ರ ಕಟ್ಟಿಕೊಂಡಿದ್ದವರು, ಮೊದಲು ಬಾಯಿಬಿಟ್ಟರು. "ಗಂಡಸ್ರಿಗೂ ಬತ್ತದಾ ಸಾ?"

"ಬಂದಿದೆಯಮ್ಮ."

"ಅಯ್ಯೋ ಶಿವನೇ! ಎಲ್ಲಾನೂ ನಿಮ್ದೇ ಅಂತೀರಿ. ಇದೊಂದು ನಮ್ಗೆ ಅಂತ ಇತ್ತು, ಇದನ್ನೂ ಬುಡ್ನಿಲ್ವಾ?"

ನಗು ಬೆಂಚಿನ ಈ ತುದಿಯಿಂದ ಆ ತುದಿಗೆ ಹೋಯಿತು. ಗೌರಮ್ಮ ಪಕ್ಕಕ್ಕೆ ಸರಿದು ಜಾಗ ಮಾಡಿದರು. "ಬನ್ನಿ, ಕೂತ್ಕಳಿ. ಈಗ ನಮ್ ಕಡೇರೇ ಆದ್ರಲ್ಲ."

ಗೋಡೆ ಬಿಟ್ಟು ಬೆಂಚಿಗೆ ಹೋಗಿ ಕೂತ ಆ ಗಳಿಗೆಯಲ್ಲಿ ನಾನು ರೋಗಿಯಾದೆ. ಅದರಲ್ಲಿ ಭಯಕ್ಕಿಂತ ಸಮಾಧಾನವೇ ಹೆಚ್ಚಿತ್ತು. ಕೀಮೋ ಶುರುವಾದ ಮೇಲೆ ಬಾಯಿ ಕಬ್ಬಿಣ ಕಬ್ಬಿಣವಾದಾಗ ಉಪ್ಪುನೆಲ್ಲಿಕಾಯಿ ಚೀಪಬೇಕೆಂದು ಹೇಳಿಕೊಟ್ಟವರೂ ಗೌರಮ್ಮನೇ. ನನ್ನ ಸಂಶಯ ಬುದ್ಧಿಗೆ ಅದು ಕೆಲಸ ಮಾಡುವುದು ಇಷ್ಟವಿರಲಿಲ್ಲ. ಮಾಡಿತು.

ಆಪರೇಷನ್ ಆಯಿತು. ಎದೆಯ ಎಡಭಾಗ ಚಪ್ಪಟೆಯಾಯಿತು. ಊರಿನಲ್ಲಿ ಮಾತ್ರ ವಿಚಿತ್ರ ನಡೆದಿತ್ತು. "ಎದೆಯ ಆಪರೇಷನ್" ಎಂದು ನೀಲಾ ಫೋನಿನಲ್ಲಿ ಹೇಳಿದ್ದನ್ನು ಎಲ್ಲರೂ ಹೃದಯದ ಆಪರೇಷನ್ ಎಂದುಕೊಂಡಿದ್ದರು. ನೋಡಲು ಬಂದವರು ಮೆಟ್ಟಿಲು ಹತ್ತಬೇಡ, ಕೋಪ ಮಾಡಬೇಡ ಎಂದು ಬುದ್ಧಿ ಹೇಳಿ ಹೋದರು. ನಾನೂ ತಿದ್ದಲಿಲ್ಲ. ಹೃದಯವೆಂದರೆ ಒಂದು ಗೌರವ ಉಂಟಲ್ಲ.

ಕೀಮೋ ಮುಗಿಯುತ್ತಾ ಬಂದಾಗ ಡಾಕ್ಟರು, ಗಂಡಸರಲ್ಲಿ ಈ ರೋಗ ಕಂಡರೆ ವಂಶವಾಹಿಯ ಪರೀಕ್ಷೆ ಮಾಡಿಸಲೇಬೇಕು ಎಂದು ಕೌನ್ಸೆಲರ್ ಹತ್ತಿರ ಕಳಿಸಿದರು. ವಯಸ್ಸಿನಲ್ಲಿ ನನ್ನ ವಿದ್ಯಾರ್ಥಿನಿಯಂತಿದ್ದ ಆ ಹುಡುಗಿ ಹಾಳೆಯ ಮೇಲೆ ಗಂಡಸಿಗೊಂದು ಚೌಕ, ಹೆಂಗಸಿಗೊಂದು ವೃತ್ತ ಬರೆಯುತ್ತಾ ಕುಟುಂಬದ ಚರಿತ್ರೆ ಕೇಳಿದಳು.

"ತಂದೆ ಕಡೆ ಯಾರಿಗಾದ್ರೂ ಕ್ಯಾನ್ಸರ್ ಇತ್ತಾ ಸಾರ್?"

"ಯಾರಿಗೂ ಇಲ್ಲ." ನನಗೆ ಅನುಮಾನವೇ ಇರಲಿಲ್ಲ. ಅಪ್ಪ, ದೊಡ್ಡಪ್ಪ, ಚಿಕ್ಕಪ್ಪ, ಅವರ ಗಂಡುಮಕ್ಕಳು, ಒಬ್ಬೊಬ್ಬರ ಹೆಸರನ್ನೂ ಹೇಳಿದೆ. ಹಾಳೆಯ ಮೇಲೆ ಚೌಕಗಳ ಸಾಲು ಬೆಳೆಯಿತು.

ಅವಳು ಪೆನ್ನು ಎತ್ತಿದಳು. "ನಿಮ್ಮ ತಂದೆಗೆ ಅಕ್ಕ ತಂಗಿಯರು ಇರ್ಲಿಲ್ವಾ?"

"ಇದ್ದರು. ಮದುವೆಯಾಗಿ ಹೋದರು."

"ಹೋದ್ರೆ ರಕ್ತಾನೂ ಹೋಗುತ್ತಾ ಸಾರ್?"

ನಗು ಬಂತು, ಆಮೇಲೆ ಬೆವರು ಬಂತು. ಕೊಡವರಲ್ಲಿ ಕುಟುಂಬ ಎಂದರೆ ಒಕ್ಕ, ತಂದೆಯಿಂದ ಮಗನಿಗೆ ಇಳಿಯುವ ಮನೆತನ. ಮದುವೆಯಾದ ದಿನ ಹೆಣ್ಣು ಗಂಡನ ಒಕ್ಕಕ್ಕೆ ಸೇರುತ್ತಾಳೆ. ಕಾರೋಣರಿಗೆ, ಅಂದರೆ ಹಿರಿಯರಿಗೆ ನಾವು ವರ್ಷಕ್ಕೊಮ್ಮೆ ಎಡೆ ಇಡುವಾಗ ಮದುವೆಯಾಗಿ ಬಂದ ಹೆಂಗಸರನ್ನು ನೆನೆಯುತ್ತೇವೆ, ಹೋದವರನ್ನು ಅಲ್ಲ. ಅವರನ್ನು ನೆನೆಯಲು ಬೇರೆ ಒಕ್ಕ ಉಂಟು. ವಂಶವಾಹಿಯ ಬಗ್ಗೆ ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡಿದ ನಾನು ನನ್ನ ವಂಶವನ್ನು ಎಡೆಯ ಎಲೆಗಳಂತೆ ಎಣಿಸಿದ್ದೆ.

ರಕ್ತ ತೆಗೆದರು. ಫಲಿತಾಂಶ ಬರಲು ವಾರಗಳು ಬೇಕಿತ್ತು. ಕಾರಿನಲ್ಲಿ ಬರುವಾಗ ಒಂದು ಚಿತ್ರ ಕಣ್ಣೆದುರು ಬಂತು. ನಾನು ಚಿಕ್ಕವನು. ಪುತ್ತರಿ, ಹೊಸ ಭತ್ತದ ಹಬ್ಬ. ಅಪ್ಪನ ತಂಗಿ, ನಮ್ಮ ಮಾತಿನಲ್ಲಿ ಮಾವಿ, ಶಾಲಿನೊಳಗೆ ಒಂದು ಕೈ ಮುಚ್ಚಿಕೊಂಡು ಒಲೆಯ ಹತ್ತಿರ ಕೂತಿದ್ದಾರೆ. ಶಾಲು ಜಾರಿದಾಗ ಕಂಡ ಕೈ ಹೆಗಲಿನಿಂದ ಬೆರಳವರೆಗೆ ಊದಿದೆ. ಎದೆಯ ಕ್ಯಾನ್ಸರಿನಲ್ಲಿ ಕೈ ಹಾಗೆ ಊದುವುದನ್ನು ಆಸ್ಪತ್ರೆಯ ಬೆಂಚಿನಲ್ಲಿ ಎಷ್ಟೋ ಸಲ ನೋಡಿದ್ದೆ. ಅದೇ ನನ್ನ ತೊಂದರೆ. ಮಾವಿಯ ಕೈಯನ್ನು ನಾನು ನಿಜವಾಗಿ ನೋಡಿದ್ದೆನೋ, ಅಥವಾ ಬೆಂಚಿನ ಯಾರದೋ ಕೈಯನ್ನು ಹಳೆಯ ಹಬ್ಬಕ್ಕೆ ಅಂಟಿಸಿಕೊಂಡೆನೋ?

ಉತ್ತರ ಹುಡುಕಲು ಒಂದು ಮದುವೆ ನೆಪವಾಯಿತು. ನನಗೆ ನೆನಪಿದ್ದ ಒಬ್ಬರೇ ಮಾವಿ ಚೋಂದವ್ವ, ಹುದಿಕೇರಿಯ ಆಚೆಗೆ ಕೊಟ್ಟವರು, ಎಂದೋ ತೀರಿಹೋದವರು. ಅವರ ಮಗ ಮಾಚಯ್ಯ ಬಾವ ಮದುವೆಗೆ ಬಂದಿದ್ದರು. ಊಟಕ್ಕೆ ಅವರ ಪಕ್ಕದಲ್ಲೇ ಕೂತೆ. ತಿಂಗಳುಗಟ್ಟಲೆ ರುಚಿ ಸತ್ತಿದ್ದ ನಾಲಿಗೆಗೆ ಅಂದು ಪಂದಿ ಕರಿಯ, ನಮ್ಮ ಹಂದಿಮಾಂಸದ ಸಾರಿನ, ಆಸೆ ಹತ್ತಿತ್ತು. ಬಡಿಸುವವನು ನನ್ನ ಎಲೆಯ ಹತ್ತಿರ ಬಂದಾಗ ಬಾವ ಕೈ ಅಡ್ಡ ಹಿಡಿದರು.

"ಇವನಿಗೆ ಬೇಡ ಮಾರಾಯ. ಹಾರ್ಟ್ ಪೇಷಂಟ್. ಅನ್ನ ಸಾರು ಬಡಿಸು."

ಪಂದಿ ಕರಿ ಮುಂದಿನ ಎಲೆಗೆ ಹೋಯಿತು. ನನಗೆ ತಡೆಯಲಾಗಲಿಲ್ಲ.

"ಬಾವ, ಹಾರ್ಟಿಗೆ ಎಂಥದ್ದೂ ಆಗ್ಲಿಲ್ಲ. ನಂಗೆ ಆಗಿದ್ದು ಬ್ರೆಸ್ಟ್ ಕ್ಯಾನ್ಸರ್. ಪಂದಿ ಬಡಿಸೋಕೆ ಹೇಳಿ."

ಅಂದುಕೊಂಡದ್ದಕ್ಕಿಂತ ಜೋರಾಗಿ ಹೇಳಿದ್ದೆ. ಪಂಕ್ತಿಯಲ್ಲಿ ಒಂದು ಕ್ಷಣ ಯಾರೂ ಅಗಿಯಲಿಲ್ಲ. ಬಾವ ನನ್ನ ಎದೆಯನ್ನು, ಮುಖವನ್ನು ನೋಡಿ, ಬಡಿಸುವವನನ್ನು ವಾಪಸ್ ಕರೆದು, "ಎಲುಬು ಬೇಡ, ತುಂಡು ಹಾಕು" ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ನನ್ನ ಅವ್ವ ಹೋದದ್ದು ಎಂಥದ್ದರಲ್ಲಿ ಅಂತ ಗೊತ್ತುಂಟಾ ನಿಂಗೆ?" ಎಂದು ಕೇಳಿದರು.

"ಅದನ್ನೇ ಕೇಳೋಣ ಅಂತ ಬಂದೆ ಬಾವ. ಅವರ ಕೈ ಊದಿತ್ತಲ್ಲ?"

"ಕೈ? ಕೈಗೆ ಎಂಥದ್ದೂ ಆಗಿರ್ಲಿಲ್ಲ. ಹೊಟ್ಟೆ. ನೀರು ತುಂಬಿ ಬಸುರಿಯ ಹಾಗೆ ಆಗಿತ್ತು. ಅಂಡಾಶಯದ್ದು ಅಂತ ಡಾಕ್ಟರ್ ಹೇಳಿದ್ರು. ಅಪ್ಪ ಯಾರ ಹತ್ರವೂ ಹೇಳ್ಬೇಡ ಅಂದ್ರು. ತಂಗಿಯರ ಮದುವೆ ಆಗ್ಬೇಕಿತ್ತಲ್ಲ."

ಒಂದೇ ಉಸಿರಿನಲ್ಲಿ ನನ್ನ ನೆನಪು ಸುಳ್ಳಾಯಿತು, ಅನುಮಾನ ನಿಜವಾಯಿತು. ಎದೆ ಮತ್ತು ಅಂಡಾಶಯ, ಎರಡಕ್ಕೂ ಕಾರಣವಾಗುವ ದೋಷ ಒಂದೇ ಇರಬಹುದು ಎಂದು ಕೌನ್ಸೆಲರ್ ಹೇಳಿದ್ದಳು. ಊದಿದ ಕೈಯ ಚಿತ್ರವನ್ನು ಮಾತ್ರ ಅಂದೇ ಕಸಕ್ಕೆ ಹಾಕಿದೆ. ಅದು ನನ್ನ ತಲೆಯ ಕಟ್ಟುಕತೆ ಎಂದು ತೀರ್ಮಾನಿಸಿದೆ.

ಫಲಿತಾಂಶ ಬಂತು. ಬಿಆರ್‌ಸಿಎ ಎರಡು ಎಂಬ ವಂಶವಾಹಿಯಲ್ಲಿ ದೋಷವಿತ್ತು. ಒಡೆದ ಡಿಎನ್‌ಎಯನ್ನು ಜೋಡಿಸುವ ಕೆಲಸಕ್ಕೆ ಬೇಕಾದ ಪ್ರೋಟೀನು ಅದರಿಂದ ತಯಾರಾಗುತ್ತದೆ. ನನ್ನಲ್ಲಿ ಅದು ಅರ್ಧಕ್ಕೇ ತುಂಡಾಗುತ್ತದೆ. ಹೆದರಬೇಕಿತ್ತು, ಹೆದರಿದೆ. ಆದರೆ ಅದರ ಮರುದಿನ ಆ ಪ್ರೋಟೀನಿನ ಬಗ್ಗೆ ಓದಲು ಕೂತವನು ಊಟಕ್ಕೂ ಏಳಲಿಲ್ಲ.

ತರಗತಿಯಲ್ಲಿ ನಾನು ಕಲಿಸುತ್ತಿದ್ದದ್ದು ಬೀಗ ಮತ್ತು ಕೀಲಿಕೈ. ಪ್ರೋಟೀನಿಗೆ ಗಟ್ಟಿಯಾದ ಆಕಾರವಿದೆ, ಆಕಾರ ಹೇಗೋ ಕೆಲಸ ಹಾಗೆ. ಇದು ಬೀಗವೂ ಅಲ್ಲ, ಕೀಲಿಕೈಯೂ ಅಲ್ಲ! ಅಲ್ಲಲ್ಲಿ ಗಟ್ಟಿ ತುಣುಕು, ನಡುವೆ ಯಾವ ರೂಪವೂ ಇಲ್ಲದೆ ತೂಗಾಡುವ ಉದ್ದನೆಯ ಸಡಿಲ ಎಳೆ. ಆ ಎಳೆ ಕಸವಲ್ಲ, ಕೆಲಸಗಾರ. ರಿಪೇರಿಗೆ ಬೇಕಾದ ಜೊತೆಗಾರ ಪ್ರೋಟೀನನ್ನು ಅದೇ ಸಡಿಲ ಭಾಗ ಹಿಡಿಯುತ್ತದೆ, ಹಿಡಿದಾಗ ಅದಕ್ಕೆ ತಕ್ಕ ರೂಪ ತಾಳುತ್ತದೆ, ಡಿಎನ್‌ಎ ಒಡೆದ ಜಾಗಕ್ಕೆ ತಂದು ಮುಟ್ಟಿಸುತ್ತದೆ. ಕಾಳುಮೆಣಸಿನ ಬಳ್ಳಿಯ ಹಾಗೆ! ಬಳ್ಳಿಗೆ ತನ್ನದೆಂಬ ಆಕಾರವಿಲ್ಲ. ಮರ ಸಿಕ್ಕಿದರೆ ಮರದ್ದೇ ಆಕಾರ. ಬಾಗುವುದೇ ಅದರ ಬಲ.

ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತಾ ಇದನ್ನು ನೀಲಾಳಿಗೆ ಹೇಳಿದೆ. ಮುರಿದದ್ದನ್ನು ಜೋಡಿಸುವ ಸಾಮರ್ಥ್ಯ ಇಷ್ಟು ಸಡಿಲವಾದ ವಸ್ತುವಿನಲ್ಲಿ ಉಂಟು ಎಂಬುದೇ ನನಗೆ ತಲೆ ತಿರುಗಿಸುವಂತಿತ್ತು. ಡಾಕ್ಟರು ಕೊಡುವ ಹೊಸ ಮಾತ್ರೆಯ ತಂತ್ರವೂ ಅಷ್ಟೇ ರೋಚಕ. ನನ್ನ ರೋಗದ ಕೋಶಗಳಲ್ಲಿ ರಿಪೇರಿಯ ಮುಖ್ಯ ದಾರಿ ಮುಚ್ಚಿದೆ, ಅವು ಇನ್ನೊಂದು ಕಿರುದಾರಿಯಲ್ಲಿ ಬದುಕಿವೆ. ಮಾತ್ರೆ ಆ ಕಿರುದಾರಿಯನ್ನೂ ಮುಚ್ಚುತ್ತದೆ. ರೋಗದ ಬಲಹೀನತೆಯನ್ನೇ ಹಿಡಿದು ರೋಗವನ್ನು ಕೊಲ್ಲುವುದು!

ನೀಲಾ ಎಲ್ಲ ಕೇಳಿಸಿಕೊಂಡು, "ಬೊಳ್ಳಮ್ಮನಿಗೆ ಹೇಳಿದ್ದಾ?" ಎಂದಳು.

ನನ್ನ ನಡಿಗೆ ಅಲ್ಲಿಗೇ ನಿಂತಿತು. ಬೊಳ್ಳಮ್ಮ ನನ್ನ ಒಬ್ಬಳೇ ತಂಗಿ. ಪಾಲಿಬೆಟ್ಟಕ್ಕೆ ಮದುವೆಯಾಗಿ ಹೋದವಳು. ದೋಷ ಅಪ್ಪನಿಂದ ನನಗೆ ಬಂದಿದ್ದರೆ ಅವಳಿಗೂ ಬಂದಿರುವ ಸಂಭವ ಅರ್ಧಕ್ಕರ್ಧ. ಬಂದಿದ್ದರೆ ಅವಳ ಅಪಾಯ ನನ್ನದಕ್ಕಿಂತ ಎಷ್ಟೋ ಹೆಚ್ಚು. ಎಲ್ಲ ಓದಿದ ನಾನು ಇದನ್ನೂ ಓದಿದ್ದೆ. ಹೇಳುವುದನ್ನು ಮುಂದಕ್ಕೆ ಹಾಕುತ್ತಿದ್ದೆ.

ಮರುದಿನವೇ ಪಾಲಿಬೆಟ್ಟಕ್ಕೆ ಹೋದೆವು. ಬೊಳ್ಳಮ್ಮ ಕಾಫಿ ಕೊಟ್ಟು ಎದುರಿಗೆ ಕೂತಳು. ಅವಳ ಇಬ್ಬರು ಹೆಣ್ಣುಮಕ್ಕಳು ಕಾಲೇಜಿಗೆ ಹೋಗಿದ್ದರು. ನಾನು ಬೀಗ, ಬಳ್ಳಿ, ಎಳೆ ಎಲ್ಲವನ್ನೂ ಹೇಳಿದೆ. ಕೈ ಆಡಿಸಿ ಹೇಳುವಾಗ ಕಾಫಿ ಚೆಲ್ಲಿದ್ದು ನನಗೆ ತಿಳಿಯಲಿಲ್ಲ.

"ಆಯ್ತಾ?" ಎಂದಳು. "ಈಗ ನಾನು ಎಂಥ ಮಾಡ್ಬೇಕು?"

"ಒಂದು ರಕ್ತ ಪರೀಕ್ಷೆ."

"ಆಗೂದಿಲ್ಲ ಅಣ್ಣ."

"ಯಾಕೆ?"

"ನಾನು ನಿಮ್ಮ ಒಕ್ಕದವಳಾ? ನನ್ನ ಕೈ ಹಿಡಿದು ಈ ಮನೆಗೆ ಕಳಿಸಿದ್ದು ನೀನೇ ಅಲ್ವಾ? ತೋಟ ನಿಂಗೆ, ಮನೆ ನಿಂಗೆ. ಕಾಯಿಲೆ ಮಾತ್ರ ಅರ್ಧ ನಂಗಾ?"

ನೀಲಾ ನಕ್ಕುಬಿಟ್ಟಳು. ಬೊಳ್ಳಮ್ಮನೂ ನಕ್ಕಳು. ವಾದ ಮಾಡುವುದು ನನಗೆ ಅಭ್ಯಾಸ. ಸಂಭವನೀಯತೆ, ಸ್ಕ್ಯಾನು, ಮುಂಜಾಗ್ರತೆ ಎಂದು ಮತ್ತೆ ಶುರುಮಾಡಿದೆ.

"ಗೊತ್ತಾಗಿ ಎಂಥ ಮಾಡೋದಣ್ಣ? ದಿನಾ ಹೆದರಿ ಸಾಯೋದಾ? ಈ ಮಕ್ಕಳ ಮುಖ ಹೇಗೆ ನೋಡ್ಲಿ ನಾನು?"

ಸುಮ್ಮನಿರಲಾರದೆ ಮಾಚಯ್ಯ ಬಾವ ಹೇಳಿದ್ದನ್ನು ಹೇಳಿದೆ. ನನ್ನ ತಲೆ ಎಷ್ಟು ಕೆಟ್ಟಿದೆ ನೋಡು ಎಂದು ನಗಿಸಲು, ಚೋಂದವ್ವ ಮಾವಿಗೆ ಇಲ್ಲದ ಊದಿದ ಕೈಯನ್ನು ನಾನೇ ಹುಟ್ಟಿಸಿದ ಕತೆಯನ್ನೂ ಸೇರಿಸಿದೆ.

ಬೊಳ್ಳಮ್ಮ ನಗಲಿಲ್ಲ. "ಅದು ಚೋಂದವ್ವ ಮಾವಿ ಅಲ್ಲ," ಎಂದಳು. "ಕಾಮವ್ವ ಮಾವಿ."

"ಯಾರು?"

"ಅಪ್ಪನ ಸಣ್ಣ ತಂಗಿ. ಕುಟ್ಟದ ಕಡೆ ಕೊಟ್ಟದ್ದು. ಮಕ್ಕಳಿರ್ಲಿಲ್ಲ. ನೀನು ಹೈಸ್ಕೂಲಿಗೆ ಅಂತ ಮೈಸೂರಲ್ಲಿ ಹಾಸ್ಟೆಲಲ್ಲಿರುವಾಗ ತೀರಿಕೊಂಡ್ರು. ಬೇಸಿಗೆ ರಜೆಯಲ್ಲಿ ನನ್ನನ್ನ ಅಲ್ಲಿ ಬಿಟ್ಟಿದ್ರು, ಕೆಲಸಕ್ಕೆ ಒತ್ತಾಸೆ ಆಗ್ಲಿ ಅಂತ." ಅವಳು ತನ್ನ ಎರಡು ಅಂಗೈಗಳನ್ನು ಮಡಿಲಲ್ಲಿ ತೆರೆದು ನೋಡಿದಳು. "ಬಲಗೈ. ನಾನೇ ಎಣ್ಣೆ ಹಚ್ಚುತ್ತಿದ್ದೆ. ಬೆರಳಿಂದ ಹೆಗಲಿಗೆ ಒತ್ತಬೇಕು, ಕೆಳಗೆ ಒತ್ತಬಾರದು ಅಂತ ಹೇಳ್ತಿದ್ರು. ರವಕೆ ಒಳಗೆ ಒಂದು ಕಡೆ ಬಟ್ಟೆ ತುರುಕಿಕೊಳ್ತಿದ್ರು. ನಂಗೆ ಆಗ ಗೊತ್ತಾಗ್ಲಿಲ್ಲ ಯಾಕೆ ಅಂತ."

ಒಬ್ಬ ಇಡೀ ಹೆಂಗಸು ನನ್ನ ತಲೆಯಿಂದ ಅಳಿದುಹೋಗಿದ್ದರು, ಅವರ ಕೈಯೊಂದು ಮಾತ್ರ ಉಳಿದು ಬೇರೆಯವರಿಗೆ ಅಂಟಿಕೊಂಡಿತ್ತು. ನೆನಪು ಸುಳ್ಳು ಹೇಳಿರಲಿಲ್ಲ. ಹೆಸರನ್ನು ಮಾತ್ರ ಬದಲಿಸಿತ್ತು. ಅಪ್ಪನಿಗೆ ಇಬ್ಬರು ತಂಗಿಯರು, ಇಬ್ಬರಿಗೂ ಈ ರೋಗ. ನಮ್ಮ ಒಕ್ಕದಲ್ಲಿ ಯಾರಿಗೂ ಇಲ್ಲ ಎಂದು ನಾನು ಹೇಳಿ ಬಂದಿದ್ದೆ.

ಬೊಳ್ಳಮ್ಮ ಎದ್ದು ಕಪ್ಪುಗಳನ್ನು ಒಳಗೆ ತೆಗೆದುಕೊಂಡು ಹೋದಳು. ನಲ್ಲಿಯ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದವಳು, "ಖಾಲಿ ಹೊಟ್ಟೆಯಲ್ಲಿ ಹೋಗ್ಬೇಕಾ, ತಿಂದು ಹೋಗಬಹುದಾ?" ಎಂದಳು.

ಅವಳ ಫಲಿತಾಂಶ ಬಂದ ದಿನ ಫೋನು ಅವಳೇ ಮಾಡಿದಳು. "ಉಂಟು ಅಣ್ಣ," ಎಂದಳು, ಮನೆಗೆ ನೆಂಟರು ಬಂದದ್ದನ್ನು ಹೇಳುವ ದನಿಯಲ್ಲಿ. ನಾನು ಏನೋ ಸಮಾಧಾನ ಹೇಳಲು ಹೋದೆ. "ಅಳೋದಿದ್ರೆ ಫೋನ್ ಇಡು. ಡಾಕ್ಟರ ನಂಬರ್ ಕೊಟ್ಟು ಇಡು." ಎದೆಯ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಮಕ್ಕಳಾಗಿ ವಯಸ್ಸೂ ಆಗಿರುವುದರಿಂದ ಅಂಡಾಶಯವನ್ನೂ ಅದರ ನಾಳವನ್ನೂ ತೆಗೆಸಿಬಿಡುವುದು ಒಳ್ಳೆಯದು ಎಂದರು ಡಾಕ್ಟರು. ಅವಳು ಯೋಚಿಸಲು ಸಮಯ ಕೇಳಲಿಲ್ಲ.

ಆಪರೇಷನ್ ಆಗಿ ಕೆಲವು ದಿನಗಳಿಗೆ ಲ್ಯಾಬಿನ ವರದಿ ಬಂತು. ಡಾಕ್ಟರು ನಮ್ಮನ್ನು ಕೂರಿಸಿ ಹೇಳಿದರು: ನಾಳದ ತುದಿಯಲ್ಲಿ, ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವಷ್ಟು, ರೋಗ ಆಗಲೇ ಕೂತಿತ್ತು. ಹರಡಿರಲಿಲ್ಲ. ಕಾರಿಡಾರಿಗೆ ಬಂದವನೇ ನಾನು ಖುಷಿಗೆ ಎರಡೂ ಕೈ ಎತ್ತಿ ಏನೋ ಕೂಗಿದೆನಂತೆ. ಏನು ಕೂಗಿದೆನೆಂದು ನನಗೆ ನೆನಪಿಲ್ಲ. ಸೆಕ್ಯೂರಿಟಿಯವರು ಬಂದರು ಎಂದು ನೀಲಾ ಹೇಳುತ್ತಾಳೆ.

ನನ್ನ ಮಾತ್ರೆಯ ಅವಧಿ ಈಗ ಮುಗಿದಿದೆ. ತಪಾಸಣೆಗೆ ಹೋಗಿ ಬರುತ್ತಿದ್ದೇನೆ, ಇಲ್ಲಿಯವರೆಗೆ ಎಲ್ಲ ಸರಿಯಾಗಿದೆ. ಪ್ರತಿ ಸಲ ವರದಿಗೆ ಕಾಯುವಾಗಿನ ಹೆದರಿಕೆ ಮಾತ್ರ ಹೋಗಿಲ್ಲ. ಬನಿಯನ್ನಿನ ಮೇಲೆ ಕಲೆ ಕಂಡ ಗಂಡಸು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಗೋಡೆ ಬಿಟ್ಟು ಬೆಂಚಿಗೆ ಬಂದು ಕೂರಿ. ಅಲ್ಲಿ ಜಾಗ ಮಾಡಿಕೊಡುವವರಿದ್ದಾರೆ. ಕುಟುಂಬದಲ್ಲಿ ಯಾರಿಗಿತ್ತು ಎಂದು ಕೇಳಿದಾಗ, ಮದುವೆಯಾಗಿ ಹೋದವರ ಮನೆಗೂ ಒಮ್ಮೆ ಹೋಗಿ ಬಂದು ಉತ್ತರಿಸಿ.

ಲ್ಯಾಬಿನ ವರದಿ ಬಂದ ಆ ಸಂಜೆ ಬೊಳ್ಳಮ್ಮನ ಹೆಣ್ಣುಮಕ್ಕಳು ಆಸ್ಪತ್ರೆಗೆ ಬಂದರು. ಅವರಿಗೆ ವಿಷಯ ಪೂರ್ತಿ ಗೊತ್ತಿರಲಿಲ್ಲ. ನಾನು ವಿವರಿಸಲು ಸಿದ್ಧನಾಗಿ ಕುರ್ಚಿ ಎಳೆದುಕೊಂಡೆ.

"ನೀನು ಹೊರಗೆ ಹೋಗಣ್ಣ," ಎಂದಳು ಬೊಳ್ಳಮ್ಮ. "ನಾನೇ ಹೇಳ್ತೇನೆ. ನೀನು ಹೇಳಿ ಮುಗಿಸೋ ಹೊತ್ತಿಗೆ ನನ್ನ ಡಿಸ್ಚಾರ್ಜ್ ಆಗ್ತದೆ."

ಹೊರಗೆ ಬಂದೆ. ಬಾಗಿಲು ಪೂರ್ತಿ ಹಾಕಿರಲಿಲ್ಲ. ಒಳಗೆ ಅವಳ ದನಿ ಮೆಲ್ಲಗೆ ಶುರುವಾಯಿತು. ಮೊದಲು ಚೋಂದವ್ವ, ಆಮೇಲೆ ಕಾಮವ್ವ, ಆಮೇಲೆ ನಾನು, ಕೊನೆಗೆ ತಾನು. ಪ್ರೋಟೀನಿನ ವಿಷಯಕ್ಕೆ ಬಂದಾಗ ಅವಳು ನೂಪುಟ್ಟಿನ, ಅಂದರೆ ಒತ್ತುಶಾವಿಗೆಯ ಉದಾಹರಣೆ ಕೊಟ್ಟಳು. ಒರಳಿನಿಂದ ಇಳಿಯುವಾಗ ಎಳೆ ಹೇಗೆ ಬೇಕಾದರೂ ಬಳುಕುತ್ತದಲ್ಲ, ತಟ್ಟೆಗೆ ಬಿದ್ದ ಮೇಲೆ ಒಂದನ್ನೊಂದು ಹಿಡಿದುಕೊಳ್ಳುತ್ತದೆ, ಹಾಗೆ. ನಮ್ಮ ಒರಳಲ್ಲಿ ಎಳೆ ಅರ್ಧಕ್ಕೇ ಕಡಿದು ಬೀಳುತ್ತದೆ. ವಿಜ್ಞಾನದ ಪ್ರಕಾರ ಅದರಲ್ಲಿ ಕಡಿಮೆಯೆಂದರೆ ಎರಡು ತಪ್ಪಿದ್ದವು. ನನ್ನ ಕಾಲು ಒಳಗೆ ಹೋಗಲು ತುಡಿಯುತ್ತಿತ್ತು. ಬಾಗಿಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದು ನಿಂತೆ.

ಆಮೇಲೆ ದೊಡ್ಡವಳ ದನಿ ಕೇಳಿತು. "ಹಾಗಾದ್ರೆ ನಾವಿಬ್ರು ಯಾವಾಗ ಟೆಸ್ಟ್ ಮಾಡಿಸೋದು ಅವ್ವ?"

"ಅದನ್ನ ನಿಮ್ಮ ಮಾವನ ಹತ್ರ ಕೇಳಿ," ಎಂದಳು ನನ್ನ ತಂಗಿ. "ಬಾಗಿಲ ಹಿಂದೆಯೇ ನಿಂತಿದ್ದಾನೆ."